ಓದು ಬಾರದವರಿಗೂ ಹೆಸರು ಹೇಳುವ ಕಲೆ

ಮುಂಬೈಯ ಪರೇಲಿನಲ್ಲಿ 1926ರ ಕೆಇಎಂ ಆಸ್ಪತ್ರೆಯಿಂದ 1941ರ ಟಾಟಾ ಮೆಮೋರಿಯಲ್‌ಗೆ ನಡೆದೇ ಹೋಗಬಹುದು. ಬಂಗಾಳ, ಬಿಹಾರ, ನಮ್ಮ ವಿಜಯಪುರ, ಕಲಬುರಗಿಗಳಿಂದ ಕಾಯಿಲೆಯವರನ್ನು ಕರೆತಂದವರು ಈ ಬೀದಿಗಳಲ್ಲಿ ವಾರಗಟ್ಟಲೆ ಅಲೆಯುತ್ತಾರೆ. ಔಷಧಿ ಅಂಗಡಿ, ಝೆರಾಕ್ಸು, ಅಗ್ಗದ ಲಾಡ್ಜು, ಬಿಸಿ ಅನ್ನ ಸಿಗುವ ಹೋಟೆಲು ಅವರಿಗೆ ಬೇಕು. ಅವರಲ್ಲಿ ಅನೇಕರಿಗೆ ಮರಾಠಿಯೂ ಬಾರದು, ಇಂಗ್ಲಿಷೂ ಬಾರದು. ಇಂಥಲ್ಲಿ ಅಂಗಡಿಯ ಬೋರ್ಡು ಚೆನ್ನಾಗಿ ಕಾಣುತ್ತದೆಯೇ ಎಂಬುದು ಆಮೇಲಿನ ಮಾತು. ಕಂಗೆಟ್ಟು ನಿಂತವರಿಗೆ ರಸ್ತೆಯ ಆಚೆ ಬದಿಯಿಂದಲೇ ಅದು ತಿಳಿಯಬೇಕು. ಗ್ರಾಫಿಕ್ ಡಿಸೈನ್, ಬ್ರ್ಯಾಂಡಿಂಗ್ ಎಂದರೆ ದೊಡ್ಡ ಕಂಪನಿಗಳ ಶೋಕಿ ಎಂದುಕೊಂಡಿರುವ ಸಣ್ಣ ವ್ಯಾಪಾರಿಗಳಿಗೆ ನಾನು ಪರೇಲಿನ ಚರಿತ್ರೆಯನ್ನೇ ತೋರಿಸುತ್ತೇನೆ.

ಪರೇಲ್, ಲಾಲ್‌ಬಾಗ್ ಸುತ್ತಲಿನ ಈ ಪ್ರದೇಶಕ್ಕೆ ಗಿರಣಗಾಂವ್ ಎಂದು ಹೆಸರು. ಬಟ್ಟೆ ಮಿಲ್ಲುಗಳ ಊರು. ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಬಟ್ಟೆಯ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿಯೊಂದನ್ನು ಅಂಟಿಸಿ ಮಾರುಕಟ್ಟೆಗೆ ಕಳಿಸುತ್ತಿದ್ದರು. ವ್ಯಾಪಾರಿಗಳು ಅದನ್ನು ಟಿಕೆಟ್ ಎಂದೂ ಟೀಕಾ ಎಂದೂ ಕರೆಯುತ್ತಿದ್ದರು. ಮ್ಯಾಂಚೆಸ್ಟರಿನ ಬಟ್ಟೆಯೊಂದಿಗೆ ಬಂದ ಈ ಪದ್ಧತಿಯನ್ನು ಬೊಂಬಾಯಿಯ ಮಿಲ್ಲುಗಳೂ ತಮ್ಮದಾಗಿಸಿಕೊಂಡವು. ಚೀಟಿಯ ಮೇಲೆ ಲಕ್ಷ್ಮಿ, ಕೃಷ್ಣ, ಆನೆ, ಹುಲಿ, ರೈಲು, ಮಹಾರಾಜರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು ಕೊಟ್ಟು ಮುದ್ರಿಸಿದ ಆ ಚಿತ್ರಗಳು ಎಷ್ಟು ಸೊಗಸಾಗಿದ್ದವೆಂದರೆ ಇವತ್ತು ಅವು ಮ್ಯೂಸಿಯಮ್ಮಿನ ವಸ್ತುಗಳು. ಬೆಂಗಳೂರಿನ ಕಸ್ತೂರಬಾ ರಸ್ತೆಯ ‘ಮ್ಯಾಪ್’ ಸಂಗ್ರಹಾಲಯದಲ್ಲಿ ಅಂಥವು ಬಹಳಷ್ಟಿವೆ.

ಆದರೆ ಅವನ್ನು ಮಾಡಿದ್ದು ಗೋಡೆಗೆ ತೂಗುಹಾಕಲಿಕ್ಕಲ್ಲ. ಅಕ್ಷರ ಬಾರದ ಗಿರಾಕಿ ಸಂತೆಯಲ್ಲಿ ನಿಂತು, ಹೋದ ಸಲ ಒಯ್ದ ಆ ಆನೆಯ ಬಟ್ಟೆಯನ್ನೇ ಕೊಡಿ ಎಂದು ಕೇಳಬೇಕಿತ್ತು. ನೂಲು ಹೇಗಿದೆ, ಒಗೆದರೆ ಎಷ್ಟು ಕುಗ್ಗುತ್ತದೆ ಎಂಬ ಅನುಭವವನ್ನೆಲ್ಲ ಅವನು ಆ ಆನೆಯ ಜೊತೆ ನೆನಪಿಟ್ಟುಕೊಳ್ಳುತ್ತಿದ್ದ. ಹಾಗಾಗಿ ಒಬ್ಬರ ಗುರುತನ್ನು ಇನ್ನೊಬ್ಬರು ಕದಿಯುವುದೂ ಇತ್ತು. ಸರಕಿನ ಗುರುತುಗಳ ಬಗ್ಗೆ 1889ರಲ್ಲಿ ಒಂದು ಕಾಯ್ದೆ, 1940ರಲ್ಲಿ ಟ್ರೇಡ್‌ಮಾರ್ಕ್ ಕಾಯ್ದೆ ಬಂದವು.

ಇದೇ ಊರಿನಲ್ಲಿ ನಮ್ಮ ಮೈಸೂರಿನವರೊಬ್ಬರು ಇಂಥದೇ ಕೆಲಸ ಮಾಡಿದರು. ಗಿರಗಾಂವಿನ ಗ್ಯಾರೇಜೊಂದರಲ್ಲಿ ನಾಲ್ವರು ಗೆಳೆಯರು 1942ರಲ್ಲಿ ಶುರುಮಾಡಿದ ಏಷ್ಯನ್ ಪೇಂಟ್ಸ್‌ಗೆ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಗಟ್ಟುವನ್ನು ಬರೆದುಕೊಟ್ಟರು. ಹಣೆಗೆ ಕೂದಲು ಬಿದ್ದ, ಕೈಯಲ್ಲಿ ಬ್ರಷ್ಷು ಹಿಡಿದ ತುಂಟ ಹುಡುಗ. ಕಂಪನಿಯ ಹೆಸರನ್ನು ಉಚ್ಚರಿಸಲು ಬಾರದ ಊರುಗಳಲ್ಲೂ ಜನ ಆ ಡಬ್ಬಿಯನ್ನು ಗುರುತು ಹಿಡಿದರು.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರು. ಅದರ ನಂತರ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಮಿಲ್ ಕಂಪೌಂಡುಗಳಿಗೆ ಜಾಹೀರಾತು ಕಚೇರಿ, ಡಿಸೈನ್ ಸ್ಟುಡಿಯೊಗಳು ಬಂದವು. ಆದರೆ ಅದೇ ಗೋಡೆಯ ಹೊರಗೆ ಚಹಾ, ಮಸಾಲೆ, ಚಿವಡಾ ಮಾರುವವರು ಒಳಗೆ ಹೋಗಿ ತಮಗೊಂದು ಬೋರ್ಡು ಮಾಡಿಕೊಡಿ ಎಂದು ಕೇಳುವುದಿಲ್ಲ. ಇದು ನನ್ನನ್ನು ನೋಯಿಸುತ್ತದೆ.

ಇಂಥ ಸಣ್ಣ ವ್ಯಾಪಾರಿಗಳಿಗೆ ಮೊದಲು ಆಸರೆಯಾಗಿದ್ದವರು ಬೋರ್ಡು ಬರೆಯುವ ಪೇಂಟರುಗಳು. ದಾರಕ್ಕೆ ಚಾಕ್ ಸವರಿ, ಎಳೆದು ಬಿಟ್ಟು ಗೆರೆ ಮೂಡಿಸಿ, ಎನಾಮಲ್ ಬಣ್ಣದಲ್ಲಿ ಅಕ್ಷರ ಬರೆದು ಅದಕ್ಕೊಂದು ನೆರಳು ಕೊಡುತ್ತಿದ್ದರು. ಉಡುಪಿ ಹೋಟೆಲಿನ ಬೋರ್ಡು, ಒಳಗಿನ ತಿಂಡಿಯ ದರಪಟ್ಟಿ ಎರಡನ್ನೂ ಒಂದೇ ಕೈ ಬರೆದರೆ ಹೋಟೆಲಿಗೆ ತಾನಾಗಿ ಒಂದು ಮುಖ ಬರುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಜಾಗ ಎಷ್ಟಿದೆಯೋ ಅಷ್ಟಕ್ಕೆ ಅಕ್ಷರವನ್ನು ಹಿಗ್ಗಿಸುವ ಚಾಳಿ ಹತ್ತಿತು. ತಂಪು ಪಾನೀಯದ ಕಂಪನಿ ಪುಕ್ಕಟೆ ಕೊಟ್ಟ ಬೋರ್ಡಿನಲ್ಲಂತೂ ಅಂಗಡಿಯ ಹೆಸರಿಗೆ ಉಳಿದದ್ದು ಒಂದು ಮೂಲೆ.

ಅಂಗಡಿಗಳ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮಹಾರಾಷ್ಟ್ರದ ಸಣ್ಣ ಅಂಗಡಿಗಳಿಗೂ ದೇವನಾಗರಿಯ ಮರಾಠಿ ಬೋರ್ಡನ್ನು ಕಡ್ಡಾಯ ಮಾಡಿತು. ಬೇರೆ ಲಿಪಿಗಿಂತ ಅದು ಚಿಕ್ಕದಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವು ಕೊಟ್ಟಿತು. ಹಳೆಯ ಇಂಗ್ಲಿಷ್ ಬೋರ್ಡಿನ ತಲೆಯ ಮೇಲೆ ಮರಾಠಿ ಪಟ್ಟಿಯೊಂದನ್ನು ಮೊಳೆ ಹೊಡೆದು ಕೈತೊಳೆದುಕೊಂಡವರನ್ನು ನೋಡಿದರೆ, ಒಳ್ಳೆಯ ಅವಕಾಶ ಹಾಳಾಯಿತಲ್ಲ ಎನಿಸುತ್ತದೆ. ಎರಡು ಲಿಪಿಗಳನ್ನೂ ಒಂದೇ ಮನೆಯ ಮಕ್ಕಳಂತೆ ಕಾಣುವ ಹಾಗೆ ಬರೆಸಬಹುದಿತ್ತು. ಅದಕ್ಕೆ ಬೇಕಾದ ಅಕ್ಷರಗಳು ಮುಂಬೈಯಲ್ಲೇ ಹುಟ್ಟಿವೆ. ವಿಂಡೋಸ್‌ನ ಕನ್ನಡ ಫಾಂಟ್ ‘ತುಂಗಾ’ ರೂಪುಗೊಂಡದ್ದು ಇಲ್ಲಿನ ಆರ್.ಕೆ. ಜೋಶಿಯವರ ಕೈಯಲ್ಲಿ. ಇಲ್ಲಿನದೇ ಏಕ್ ಟೈಪ್ ಸಂಸ್ಥೆಯ ‘ಅನೇಕ್’ ಕನ್ನಡವೂ ಸೇರಿ 10 ಲಿಪಿಗಳಲ್ಲಿದೆ. ಅದೇ ಸಂಸ್ಥೆಯ ‘ಬಾಲೂ’ ಕುಟುಂಬಕ್ಕೆ ‘ಬಾಲೂ ತಮ್ಮ’ ಎಂಬ ಕನ್ನಡದ ಕುಡಿಯೂ ಇದೆ. ಎರಡನ್ನೂ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.

ಗುರುತು ಮಾಡಿಸುವ ವ್ಯಾಪಾರಿಗೆ ನನ್ನದೊಂದು ಸಲಹೆ: ಅದನ್ನು ಬಿಲ್ ಪುಸ್ತಕಕ್ಕೆ ಒತ್ತುವ ರಬ್ಬರ್ ಸ್ಟಾಂಪಿನಲ್ಲಿ ಮಾಡಿಸಿ ನೋಡಿ. ಒಂದೇ ಬಣ್ಣದಲ್ಲಿ, ಒಂದು ಇಂಚಿನಲ್ಲಿ, ಸ್ವಲ್ಪ ಮಸಿ ಹರಡಿದರೂ ತಿಳಿಯುತ್ತದೆಯಾದರೆ ಪಾರ್ಸೆಲ್ ಚೀಲಕ್ಕೂ ಮೊಬೈಲಿನ ಪರದೆಗೂ ಆದೀತು.

ಜೆ.ಜೆ. ಕಲಾಶಾಲೆ, ಪೊವಾಯಿ ಐಐಟಿಯಲ್ಲಿ 1969ರಿಂದ ಇರುವ ಐಡಿಸಿ ಡಿಸೈನ್ ಶಾಲೆ, ಎರಡರಲ್ಲೂ ಈ ವಿದ್ಯೆ ಕಲಿಯುವ ಮಕ್ಕಳಿದ್ದಾರೆ. ಅವರಿಗೆ ನಿಜವಾದ ಗಿರಾಕಿಗಳು ಬೇಕು. ಮುಂಬೈ ಹೋಟೆಲಿನವರ ಸಂಘಟನೆ ‘ಆಹಾರ್’ನಲ್ಲಿ ನಮ್ಮ ಕರಾವಳಿಯವರು ಬಹಳಷ್ಟು ಮಂದಿ ಇದ್ದಾರೆ. ಆಸ್ಪತ್ರೆ ಬೀದಿಯ ಹತ್ತು ಹೋಟೆಲುಗಳ ಬೋರ್ಡು, ದರಪಟ್ಟಿ, ಬಿಲ್ಲುಗಳನ್ನು ಈ ಮಕ್ಕಳ ಕೈಗೆ ಕೊಟ್ಟು, ಅವರಿಗೆ ಸರಿಯಾದ ಸಂಭಾವನೆ ಕೊಟ್ಟು, ಒಂದು ವರ್ಷ ನೋಡುವಂತೆ ಸಂಘಟನೆಯನ್ನು ಕೇಳಿಕೊಳ್ಳುತ್ತೇನೆ.