ಟ್ರಂಪೆಟ್ ದೊಡ್ಡದೋ, ದನಿ ದೊಡ್ಡದೋ? ಲೋರ್ನಾ ಹಾಡುಗಳ ಬಗ್ಗೆ ಕೇಳುಗರ ವಾದ

ಮುಂಬಯಿ: ಮಹಾನಗರದ ಕೊಂಕಣಿ ಕ್ರೈಸ್ತ ಬಾಂಧವರ ಮನೆಗಳಲ್ಲಿ ರೋಸ್ ಇರಲಿ, ಮದುವೆ ಇರಲಿ, ಕ್ರಿಸ್ಮಸ್ ಇರಲಿ, ಲೋರ್ನಾ ಕೊರ್ಡೆರೊ ಅವರ ಹಾಡು ಕೇಳಿಬಂದೇ ಬರುತ್ತದೆ. ನೆರೆಕರೆಯ ತುಳುವರಿಗೂ ಕನ್ನಡಿಗರಿಗೂ ಈ ದನಿ ಹೊಸದಲ್ಲ. 'ಬೆಬ್ದೊ', 'ಪಿಸ್ಸೊ', 'ರೆಡ್ ರೋಸ್', 'ನಾಚುಂಯಾ ಕುಂಪಾಸಾರ್' ಮೊದಲಾದ ಹಾಡುಗಳು ಮೊದಲು ಗ್ರಾಮೊಫೋನ್ ತಟ್ಟೆಗಳಲ್ಲಿ ಬಂದವು. ಬಳಿಕ ಕ್ಯಾಸೆಟ್ ಆದವು, ಸಿ.ಡಿ. ಆದವು, ಈಗ ಮೊಬೈಲ್ ಸೇರಿವೆ. ಆದರೆ ಇವುಗಳ ಕುರಿತು ಕೇಳುಗರಲ್ಲಿ ಒಮ್ಮತ ಮಾತ್ರ ಇಲ್ಲ.

ಈ ಹಾಡುಗಳ ರಾಗ ಸಂಯೋಜಕರು ಟ್ರಂಪೆಟ್ ವಾದಕ ಕ್ರಿಸ್ ಪೆರ್ರಿ. 1928ರಲ್ಲಿ ಗೋವೆಯಲ್ಲಿ ಜನಿಸಿದ ಅವರು 2002ರಲ್ಲಿ ನಿಧನರಾದರು. ಲೋರ್ನಾ ಹದಿಹರೆಯದಲ್ಲೇ ಅವರ ಬ್ಯಾಂಡ್ ಸೇರಿದ್ದರು. ಅಮೆರಿಕದಲ್ಲಿ 1930ರ ದಶಕದಲ್ಲಿ ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಬೆನ್ನಿ ಗುಡ್‌ಮನ್ ಮುಂತಾದವರ ದೊಡ್ಡ ಬ್ಯಾಂಡ್‌ಗಳು ಜನಪ್ರಿಯಗೊಳಿಸಿದ 'ಸ್ವಿಂಗ್' ಶೈಲಿಯ ಛಾಪು ಈ ಹಾಡುಗಳಲ್ಲಿದೆ. ಗಾಯಕಿ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳು ಒಟ್ಟಾಗಿ ಉತ್ತರ ಕೊಡುತ್ತವೆ. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಚೆಂಡೆ ಉತ್ತರ ಕೊಡುವುದನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಗೀತ ಮುಂಬಯಿಗೆ ಬಂದದ್ದು ಹೋಟೆಲ್‌ಗಳ ಮೂಲಕ. 1935ರಲ್ಲಿ ಲಿಯಾನ್ ಆಬಿ ಅವರ ತಂಡ ತಾಜ್‌ಮಹಲ್ ಹೋಟೆಲಿನಲ್ಲಿ ನುಡಿಸಿತ್ತು. ಗೋವೆಯ ಇಗರ್ಜಿ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿತಿದ್ದ ಯುವಕರಿಗೆ ಇಲ್ಲಿ ಬ್ಯಾಂಡ್‌ಗಳಲ್ಲಿ ಕೆಲಸ ಸಿಕ್ಕಿತು. ಅವರಲ್ಲಿ ಹಲವರು ಧೋಬಿ ತಲಾವ್‌ನ ಊರವರ ಕ್ಲಬ್ಬುಗಳಲ್ಲಿ ಟ್ರಂಕು, ಹಾಸಿಗೆ ಇಟ್ಟುಕೊಂಡು ದಿನ ಕಳೆದವರು. ಹಗಲಿಡೀ ಫೋರ್ಟಿನ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋದ ನಮ್ಮ ಹಿರಿಯರ ಬದುಕೂ ಹೆಚ್ಚುಕಡಿಮೆ ಇಂಥದ್ದೇ. ಮುಂದೆ ಈ ವಾದಕರು ಹಿಂದಿ ಚಿತ್ರಗಳ ವಾದ್ಯವೃಂದಕ್ಕೂ ಆಧಾರವಾದರು. ಸಿ. ರಾಮಚಂದ್ರ ಸಂಗೀತ ನೀಡಿದ 1951ರ 'ಅಲ್ಬೇಲಾ' ಚಿತ್ರದಲ್ಲಿ ಚಿಕ್ ಚಾಕೊಲೇಟ್ ತಮ್ಮ ಬ್ಯಾಂಡಿನೊಂದಿಗೆ ತೆರೆಯ ಮೇಲೂ ಕಾಣಿಸಿಕೊಂಡಿದ್ದಾರೆ.

ಕೇಳುಗರಲ್ಲಿ ಮೊದಲ ಪಂಗಡ ಕುಣಿತ ಪ್ರಿಯರದ್ದು. ಇವರ ಪ್ರಕಾರ ಹಾಡಿನ ಜೀವಾಳ ಪೆರ್ರಿಯವರ ಸಂಯೋಜನೆ. ಟ್ರಂಪೆಟ್ ತೆಗೆದುಬಿಟ್ಟರೆ ಉಳಿಯುವುದು ಬರೇ ಪದ. ಎರಡನೆಯ ಪಂಗಡದವರು ಇದನ್ನು ಒಪ್ಪುವುದಿಲ್ಲ. ಬ್ಯಾಂಡುಗಳು ಬೇಕಾದಷ್ಟಿದ್ದವು, ಅಷ್ಟು ವಾದ್ಯಗಳ ಅಬ್ಬರವನ್ನು ಮೀರಿ ನಿಲ್ಲುವ ಇಂಥ ಗಂಟಲು ಬೇರೆ ಇರಲಿಲ್ಲ ಎಂಬುದು ಇವರ ವಾದ. ಎಪ್ಪತ್ತರ ದಶಕದಲ್ಲಿ ವೇದಿಕೆಯಿಂದ ದೂರವಾದ ಲೋರ್ನಾ ಮತ್ತೆ ಹಾಡಲು ನಿಂತದ್ದು 1995ರಲ್ಲಿ, ಗೋವೆಯಲ್ಲಿ. ಅಷ್ಟು ವರ್ಷ ಹೊಸ ಹಾಡು ಇಲ್ಲದಿದ್ದರೂ ಜನ ಆ ದನಿಯನ್ನು ಮರೆಯಲಿಲ್ಲ ಎನ್ನುವುದನ್ನೇ ಇವರು ಸಾಕ್ಷಿಯಾಗಿ ಮುಂದಿಡುತ್ತಾರೆ.

ಮಂಗಳೂರು ಕಡೆಯ ಕೆಲವರದ್ದು ಬೇರೆಯೇ ತಕರಾರು. ಇದು ಗೋವೆಯ ಕೊಂಕಣಿ, ಪೋರ್ಚುಗೀಸ್ ಪದಗಳೇ ಜಾಸ್ತಿ ಎನ್ನುತ್ತಾರೆ. ತಾಳ ಎಂಬರ್ಥದ 'ಕುಂಪಾಸ್' ಕೂಡ ಪೋರ್ಚುಗೀಸ್ ಮೂಲದ್ದೇ. ಕನ್ನಡ ಲಿಪಿಯಲ್ಲಿ ಬರೆದು, ಕನ್ನಡ–ತುಳು ಪದಗಳನ್ನು ಬೆರೆಸಿ ಮಾತಾಡುವ ನಮ್ಮ ಕೊಂಕಣಿಗೆ 'ಕೊಂಕಣ್ ಕೋಗುಳ್' ವಿಲ್ಫಿ ರೆಬಿಂಬಸ್ (1942–2010) ಅವರೇ ಹತ್ತಿರ ಎಂಬುದು ಇವರ ಅಭಿಮತ. ಇನ್ನು ಗೃಹಿಣಿಯರಲ್ಲಿ ಕೆಲವರು 'ಬೆಬ್ದೊ' ಬಗ್ಗೆ ಹೇಳುವ ಮಾತು ಯೋಚಿಸತಕ್ಕದ್ದು. ಬೆಬ್ದೊ ಎಂದರೆ ಕುಡುಕ. ಮನೆ ಹಾಳು ಮಾಡುವ ಚಟದ ಹಾಡಿಗೆ, ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ಕುಣಿಯುವವರಿಗೆ ಪದಗಳು ಕೇಳಿಸುವುದಾದರೂ ಹೌದೇ ಎಂದು ಅವರು ಪ್ರಶ್ನಿಸುತ್ತಾರೆ.

ಬಾರ್ಡ್ರಾಯ್ ಬರೆಟ್ಟೊ ನಿರ್ದೇಶನದ 'ನಾಚುಂಯಾ ಕುಂಪಾಸಾರ್' ಚಲನಚಿತ್ರ ಬಂದ ಮೇಲೆ ಚರ್ಚೆಗೆ ಹೊಸ ಜೀವ ಬಂತು. ಪೆರ್ರಿಯವರ ಹಳೆಯ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸಿದ್ದ ಈ ಚಿತ್ರಕ್ಕೆ 2015ರಲ್ಲಿ ಪ್ರಕಟವಾದ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕೊಂಕಣಿ ಚಿತ್ರವೆಂಬ ಮನ್ನಣೆ ದೊರೆಯಿತು. ಹೊಸ ಮುದ್ರಣದಲ್ಲಿ ಒಂದೊಂದು ವಾದ್ಯವೂ ಸ್ಪಷ್ಟ ಎಂದು ಯುವಕರು ಮೆಚ್ಚಿದರೆ, ಹಳೆಯ ತಟ್ಟೆಯ ಕಾವು ಇದರಲ್ಲಿಲ್ಲ ಎಂದು ಹಿರಿಯರು ತಲೆಯಾಡಿಸುತ್ತಾರೆ.

ಇಷ್ಟೆಲ್ಲ ಭಿನ್ನಾಭಿಪ್ರಾಯಗಳ ನಡುವೆ ಒಂದು ಸಂಗತಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಪರದೇಶದ ತಾಳ ಸೇರಿದ್ದರಿಂದ ಕೊಂಕಣಿ ಕೆಡಲಿಲ್ಲ. ಮನೆಯಲ್ಲಿ ಇಂಗ್ಲಿಷ್, ಹೊರಗೆ ಹಿಂದಿ–ಮರಾಠಿ ಆಡುವ ಬಾಂದ್ರಾ, ಮಲಾಡಿನ ಮಕ್ಕಳ ಬಾಯಲ್ಲಿ ಅಜ್ಜಿಯ ಭಾಷೆಯ ನಾಲ್ಕು ಪದ ಉಳಿದಿದ್ದರೆ ಅದರಲ್ಲಿ ಈ ಹಾಡುಗಳ ಪಾಲೂ ಇದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಆಗಿ ಕನ್ನಡಿಗರ ಮನೆ ಸೇರಿದ್ದನ್ನು ಇಲ್ಲಿ ನೆನೆಯಬಹುದು. ವಾದ್ಯ ಹೆಚ್ಚಾದರೆ ಕಾವ್ಯ ಮಂಕಾಗುತ್ತದೆಂಬ ಆಕ್ಷೇಪ ಸುಗಮ ಸಂಗೀತಕ್ಕೂ ತಪ್ಪಿದ್ದಲ್ಲ. ಆದರೂ ಪುಸ್ತಕ ತೆರೆಯದವರ ಕಿವಿಗೂ ಕವಿತೆ ಬಿದ್ದದ್ದು ಹಾಡಿನಿಂದಲೇ.

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಹಿಂದಿ ಚಿತ್ರಗೀತೆಗೇ ಕುಣಿಯುತ್ತಾರೆ ಎಂದು ಬೇಸರಪಡುವವರು ಬಹಳ. ಮಕ್ಕಳ ಕಾಲು ಕುಣಿಯುವಂತಹ ಕನ್ನಡ, ತುಳು ಹಾಡುಗಳನ್ನು ಅವರ ಕೈಗೆ ಕೊಟ್ಟು, ಹಿಮ್ಮೇಳಕ್ಕೆ ನಮ್ಮಲ್ಲಿಯ ವಾದಕರನ್ನೇ ಕೂರಿಸಿ, ಅವರ ಹೆಸರನ್ನೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಆ ಬೇಸರಕ್ಕೆ ಅರ್ಥ ಬಂದೀತು. ಟ್ರಂಪೆಟ್ ದೊಡ್ಡದೋ, ದನಿ ದೊಡ್ಡದೋ ಎಂಬ ವಾದ ಆಮೇಲೂ ನಡೆಯಲಿ. ವಾದ ಮಾಡುವುದಕ್ಕಾದರೂ ಮೊದಲು ನಮ್ಮ ಭಾಷೆಯಲ್ಲೊಂದು ಹಾಡು ಇರಬೇಕಲ್ಲ.