ಕಳ್ಳ ಬಿಸಾಡಿ ಹೋದ ಚರ್ಮದ ಬ್ಯಾಗಲ್ಲಿ ಬೆರಳಚ್ಚು ಸಿಗುತ್ತಾ?

ರಾತ್ರಿ ಷಟರ್ ಮೀಟಿ ಅಂಗಡಿ ಕಳ್ಳತನ ಆಗಿರುತ್ತೆ. ಬೆಳಗ್ಗೆ ನೋಡಿದರೆ ದುಡ್ಡಿಟ್ಟಿದ್ದ ಚರ್ಮದ ಬ್ಯಾಗು ಹಿಂದಿನ ಮೋರಿ ಹತ್ತಿರ ಖಾಲಿ ಬಿದ್ದಿರುತ್ತೆ. ಮಾಲೀಕರು ಎತ್ತಿಕೊಂಡು ಧೂಳು ಒರೆಸಿ, ಒಳಗೆ ಏನಾದ್ರೂ ಉಳಿದಿದೆಯಾ ಅಂತ ಕೈಯಾಡಿಸ್ತಾರೆ. ಅಲ್ಲಿಗೆ ಅರ್ಧ ಸಾಕ್ಷ್ಯ ಹೋದಂತೆ.

ಗಾಜು, ಸ್ಟೀಲ್ ಮೇಲೆ ಬೆರಳಚ್ಚು ಸುಲಭವಾಗಿ ಸಿಗುತ್ತೆ. ತೊಗಲು ಹಾಗಲ್ಲ. ಅದಕ್ಕೆ ತನ್ನದೇ ಗೆರೆ, ಸುಕ್ಕು, ಸಣ್ಣ ರಂಧ್ರ ಇರುತ್ತವೆ. ಬೆರಳಿನ ಬೆವರು, ಜಿಡ್ಡನ್ನು ಅದು ಹೀರಿಕೊಳ್ಳುತ್ತೆ. ಮಾಮೂಲಿ ಪುಡಿ ಹಚ್ಚಿದರೆ ಪುಡಿ ಆ ಸುಕ್ಕುಗಳಲ್ಲೇ ತುಂಬಿಕೊಂಡು ಬೆರಳ ಗೆರೆ ಮುಚ್ಚಿಹೋಗುತ್ತೆ. ಕಾಗದಕ್ಕೆ ಬಳಸುವ ನಿನ್‌ಹೈಡ್ರಿನ್ ಬೆವರಿನ ಅಮೈನೋ ಆಮ್ಲಕ್ಕೆ ತಗುಲಿ ನೇರಳೆ ಬಣ್ಣ ಕೊಡುತ್ತೆ. ಆದರೆ ಚರ್ಮವೇ ಪ್ರೋಟೀನ್ ಅಲ್ವಾ? ಬೆರಳಚ್ಚಿನ ಜೊತೆ ಬ್ಯಾಗಿಗೂ ಬಣ್ಣ ಏರುವ ಸಾಧ್ಯತೆ ಇರುತ್ತೆ.

ಪಾಲಿಶ್ ಇರುವ ನುಣುಪು ಚರ್ಮ, ರೆಕ್ಸಿನ್ ಆದರೆ ದಾರಿ ಇದೆ. ವಸ್ತುವನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಸೈನೋಅಕ್ರಿಲೇಟ್ ಹೊಗೆ ಹಾಯಿಸ್ತಾರೆ. ನೀವು ಅಂಗಡಿಯಲ್ಲಿ ಮಾರೋ ಫೆವಿಕ್ವಿಕ್ಕಲ್ಲಿ ಇರೋದೂ ಇದೇ ಜಾತಿಯ ಅಂಟು. ಹೊಗೆ ಬೆರಳ ಗುರುತಿನ ಮೇಲೆ ಕೂತು ಬಿಳಿ ಗೆರೆಯಾಗಿ ಗಟ್ಟಿಯಾಗುತ್ತೆ. ಆಮೇಲೆ ಹೊಳೆಯುವ ಬಣ್ಣ ಹಚ್ಚಿ, ವಿಶೇಷ ಬೆಳಕಿನಲ್ಲಿ ಫೋಟೋ ತೆಗೀತಾರೆ. (ಮನೆಯಲ್ಲಿ ಪ್ರಯತ್ನ ಮಾಡಬೇಡಿ, ಕಣ್ಣು ಉರಿದುಹೋಗುತ್ತೆ.) ಸ್ವೀಡ್ ಥರದ ಒರಟು ಚರ್ಮದಲ್ಲಿ ಮಾತ್ರ ಆಸೆ ತೀರಾ ಕಮ್ಮಿ.

ಅದಕ್ಕೇ ತಜ್ಞರು ಬರೀ ತೊಗಲು ನೋಡಲ್ಲ. ಬಕಲ್, ಪ್ರೆಸ್ ಬಟನ್, ಪರ್ಸಿನೊಳಗೆ ಫೋಟೋ ಇಡುವ ಪ್ಲಾಸ್ಟಿಕ್ ಕಿಸೆ, ಎಟಿಎಂ ಕಾರ್ಡು, ಬಿಲ್ಲು, ರಸೀದಿ ಎಲ್ಲವನ್ನೂ ನೋಡ್ತಾರೆ. ದುಡ್ಡು ಹುಡುಕುವ ಕಳ್ಳ ಇವನ್ನು ಮುಟ್ಟದೆ ಇರೋದು ಕಷ್ಟ. ಚರ್ಮ ಕೈಕೊಟ್ಟ ಕಡೆ ಒಂದು ಹಳೇ ಬಿಲ್ಲು ಕೆಲಸಕ್ಕೆ ಬರಬಹುದು. ಸಿಕ್ಕ ಗುರುತು ಸ್ಪಷ್ಟವಾಗಿದ್ದರೆ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ ಹುಡುಕಬಹುದು. ಬೇರೆ ರಾಜ್ಯದಲ್ಲಿ ಹಿಂದೆ ಸಿಕ್ಕಿಬಿದ್ದವನಾದರೂ ಹೊಂದಾಣಿಕೆ ಸಿಗುವ ಅವಕಾಶ ಇದೆ.

ಹಾಗಾಗಿ ಬ್ಯಾಗ್ ಕಂಡರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ. ಮಳೆ ಬರ್ತಿದೆ, ದನ ತುಳಿಯುತ್ತೆ ಅನ್ನೋ ಹಾಗಿದ್ದರೆ ಮೇಲೊಂದು ಬುಟ್ಟಿನೋ ಬಕೆಟ್ಟೋ ಕವುಚಿ. ಎತ್ತಲೇಬೇಕಾದರೆ ಅಂಚು ಹಿಡಿದೆತ್ತಿ ಕಾಗದದ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತೆ. ಒದ್ದೆಯಾಗಿದ್ದರೆ ಬಿಸಿಲಿಗೆ ಹಾಕೋದು, ಬಟ್ಟೆಯಲ್ಲಿ ಒರೆಸೋದು ಮಾಡಬೇಡಿ.

ಇನ್ನೊಂದು ವಿಷಯ. ಪೊಲೀಸರು ನಿಮ್ಮ ಮತ್ತು ಅಂಗಡಿ ಹುಡುಗರ ಬೆರಳಚ್ಚನ್ನೂ ಕೇಳ್ತಾರೆ. 'ನಮ್ಮ ಮೇಲೇ ಅನುಮಾನನಾ' ಅಂತ ಎಷ್ಟೋ ಜನ ಬೇಜಾರು ಮಾಡ್ಕೊಳ್ತಾರೆ. ದಿನಾ ಬ್ಯಾಗ್ ಮುಟ್ಟುವವರ ಗುರುತನ್ನು ಲೆಕ್ಕದಿಂದ ತೆಗೆದರೆ ತಾನೇ ಹೊರಗಿನವನದ್ದು ಯಾವುದು ಅಂತ ಗೊತ್ತಾಗೋದು. ತಜ್ಞರು ಬರುವ ಮೊದಲು ಬ್ಯಾಗನ್ನು ಯಾರ್ಯಾರು ಮುಟ್ಟಿದ್ದರು ಅನ್ನೋದನ್ನೂ ಮುಚ್ಚಿಡದೆ ಅವರಿಗೆ ಹೇಳಿಬಿಡಿ.