ಮುನ್ನಡೆ ಇದ್ದಾಗ ಆಡುವುದೆಷ್ಟು, ಕಾಯುವುದೆಷ್ಟು?

ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಈಗಲೂ ಜನ ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ಜಾತ್ರೆಗೋ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ನಡೆಯುವ ಈ ಆಟಗಳಲ್ಲಿ ಕೊನೆಯ ಮೂರು ನಿಮಿಷ ಬಂತೆಂದರೆ ಅಂಕಣದ ಸುತ್ತ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಮೂರು ಪಾಯಿಂಟ್ ಮುಂದಿರುವ ತಂಡದ ರೈಡರ್ ಎದ್ದು ನಿಂತ ಕೂಡಲೇ ಒಂದು ಕಡೆಯಿಂದ ‘ಪಾಯಿಂಟ್ ಬೇಡ, ಗೆರೆ ದಾಟಿ ವಾಪಸ್ ಬಾ’ ಎಂಬ ಕೂಗು. ಇನ್ನೊಂದು ಕಡೆಯಿಂದ ‘ಹೊಡಿ, ಇನ್ನೊಂದು ಪಾಯಿಂಟ್ ತಗೊಂಡು ಮುಗಿಸು’ ಎಂಬ ಕೂಗು. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಧೈರ್ಯ, ಹೇಡಿತನಗಳ ಪ್ರಶ್ನೆ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಇದಕ್ಕೆ ಲೆಕ್ಕವಿದೆ. ಆ ಲೆಕ್ಕ ಕಷ್ಟದ್ದೇನೂ ಅಲ್ಲ.

ಮೊದಲು ಗಡಿಯಾರವನ್ನೇ ತೆಗೆದುಕೊಳ್ಳೋಣ. ಒಂದು ರೈಡಿಗೆ ಸಿಗುವ ಗರಿಷ್ಠ ಸಮಯ 30 ಸೆಕೆಂಡ್. ಪಂದ್ಯದಲ್ಲಿ 180 ಸೆಕೆಂಡ್ ಉಳಿದಿದೆ. ಎರಡೂ ತಂಡಗಳು ಪೂರ್ತಿ ಸಮಯ ಬಳಸಿದರೆ ಒಬ್ಬೊಬ್ಬರಿಗೆ ಮೂರು ರೈಡ್. ಮುಂದಿರುವವರು ಪ್ರತಿ ರೈಡಿನಲ್ಲೂ 30 ಸೆಕೆಂಡ್ ಕಳೆಯಬಹುದು, ಆದರೆ ಹಿಂದಿರುವವರೇಕೆ ಕಳೆಯುತ್ತಾರೆ? ಅವರು ಹತ್ತೇ ಸೆಕೆಂಡಿನಲ್ಲಿ ಹೋಗಿ ಬಂದರೆ ಒಂದು ಸುತ್ತಿಗೆ 40 ಸೆಕೆಂಡ್ ಸಾಕು. ಆಗ ಅದೇ ಮೂರು ನಿಮಿಷದಲ್ಲಿ ಅವರಿಗೆ ನಾಲ್ಕು ರೈಡ್ ಸಿಗುತ್ತದೆ, ಮೊದಲ ಸರದಿ ಅವರದೇ ಆಗಿದ್ದರೆ ಐದು. ಅಂದರೆ ‘ಟೈಮ್ ಪಾಸ್’ ಮಾಡುವ ತಂಡದ ಕೈಯಲ್ಲಿರುವುದು ತನ್ನ ಪಾಲಿನ ಸಮಯ ಮಾತ್ರ. ಎದುರಾಳಿಯ ಪಾಲಿನ ಗಡಿಯಾರ ಎದುರಾಳಿಯ ಕೈಯಲ್ಲೇ ಇರುತ್ತದೆ.

ಇದರ ಮೇಲೆ ‘ಮಾಡು ಇಲ್ಲವೇ ಮಡಿ’ ನಿಯಮ ಬೇರೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಮನೆಮನೆಗೂ ಗೊತ್ತಾದ ಈ ನಿಯಮದ ಪ್ರಕಾರ, ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ತರದಿದ್ದರೆ ರೈಡರ್ ಔಟ್. ಹೀಗಾಗಿ ಮುಂದಿರುವ ತಂಡ ನಿರಾತಂಕವಾಗಿ ಕಳೆಯಬಹುದಾದದ್ದು ಎರಡು ರೈಡ್, ಒಂದು ನಿಮಿಷ. ಮೂರನೆಯ ರೈಡಿನಲ್ಲಿ ಆ ನೆಮ್ಮದಿ ಹೋಗುತ್ತದೆ. ರೈಡರ್‌ಗೆ ಪಾಯಿಂಟ್ ಬೇಕೇಬೇಕು ಎಂಬುದು ಎದುರಿಗಿರುವ ಹಿಡಿತಗಾರರಿಗೂ ಗೊತ್ತು. ಅವರು ಮುಂದೆ ಬರುವುದಿಲ್ಲ, ಹಿಂದಿನ ಗೆರೆಯ ಹತ್ತಿರ ಸರಪಳಿ ಕಟ್ಟಿಕೊಂಡು ಕಾಯುತ್ತಾರೆ. ಮಧ್ಯ ಗೆರೆಯಿಂದ ಬಾಕ್ ಲೈನಿಗೆ 3.75 ಮೀಟರ್, ಬೋನಸ್ ಗೆರೆಗೆ ಇನ್ನೊಂದು ಮೀಟರ್. ಖಾಲಿ ರೈಡಿಗೆ ಬಾಕ್ ಲೈನ್ ದಾಟಿದರೆ ಸಾಕಾಗಿತ್ತು. ಈಗ ಅದಕ್ಕಿಂತ ಒಳಗೆ, ಮರಳಿ ಬರುವ ದಾರಿ ಉದ್ದವಾಗುವ ಕಡೆಗೆ ಇಳಿಯಬೇಕು. ಮೊದಲೆರಡು ರೈಡಿನಲ್ಲಿ ತಪ್ಪಿಸಿಕೊಂಡ ಅಪಾಯವೆಲ್ಲ ಮೂರನೆಯದರಲ್ಲಿ ಬಡ್ಡಿ ಸಮೇತ ಕಾದಿರುತ್ತದೆ.

ಅನುಭವಿ ತಂಡಗಳು ಇದನ್ನು ಮೊದಲೇ ಲೆಕ್ಕ ಹಾಕುತ್ತವೆ. ಮೂರನೆಯ ರೈಡಿಗೆ ಮುಖ್ಯ ರೈಡರ್‌ನನ್ನು ಕಳಿಸದೆ ಇನ್ನೊಬ್ಬನನ್ನು ಕಳಿಸುತ್ತವೆ. ಅವನು ಹೋದರೂ ಮುಖ್ಯ ರೈಡರ್ ಅಂಕಣದಲ್ಲಿ ಉಳಿಯುತ್ತಾನೆ.

ಇನ್ನು ಮುನ್ನಡೆ ಎಂಬ ಸಂಖ್ಯೆ. ಸ್ಕೋರ್ ಬೋರ್ಡಿನಲ್ಲಿ ನಾಲ್ಕು ಪಾಯಿಂಟ್ ಮುನ್ನಡೆ ಕಾಣುತ್ತಿದೆ, ಆದರೆ ಅಂಕಣದಲ್ಲಿ ಉಳಿದಿರುವವರು ಇಬ್ಬರೇ ಎಂದುಕೊಳ್ಳಿ. ಎದುರಾಳಿ ರೈಡರ್ ಒಂದೇ ಸಲ ಇಬ್ಬರನ್ನೂ ಮುಟ್ಟಿ ಹೋದರೆ ಎರಡು ಪಾಯಿಂಟ್, ಆಲ್‌ಔಟ್‌ಗೆ ಮತ್ತೆರಡು. ಒಂದೇ ಉಸಿರಿನಲ್ಲಿ ಪಂದ್ಯ ಸಮ. ಏಳೂ ಜನ ನಿಂತಿರುವಾಗಿನ ನಾಲ್ಕು ಪಾಯಿಂಟಿಗೂ ಇಬ್ಬರೇ ಇರುವಾಗಿನ ನಾಲ್ಕು ಪಾಯಿಂಟಿಗೂ ಅಜಗಜಾಂತರ. ಅದೇ ಹೊತ್ತಿಗೆ ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಆರು ಜನಕ್ಕಿಂತ ಕಡಿಮೆ ಇದ್ದರೆ ಎದುರಾಳಿಗೆ ಬೋನಸ್ ಬಾಗಿಲೂ ಮುಚ್ಚುತ್ತದೆ. ಆದ್ದರಿಂದ ಕೊನೆಯ ನಿಮಿಷಗಳಲ್ಲಿ ಕೋಚ್ ನೋಡಬೇಕಾದದ್ದು ಬೋರ್ಡಿನ ಒಂದು ಅಂಕಿಯನ್ನಷ್ಟೇ ಅಲ್ಲ. ಅಂತರ, ಉಳಿದ ಸೆಕೆಂಡು, ಎರಡೂ ಕಡೆ ನಿಂತಿರುವ ತಲೆಗಳು, ಖಾಲಿ ರೈಡುಗಳ ಎಣಿಕೆ, ಇಷ್ಟೂ ಕೂಡಿದರೆ ಮಾತ್ರ ಗೆಲ್ಲುವ ಸಾಧ್ಯತೆ ಎಷ್ಟು ಎಂದು ತಿಳಿಯುತ್ತದೆ.

ಈ ‘ಗೆಲ್ಲುವ ಸಾಧ್ಯತೆ’ ಎಂಬುದೇ ಇಡೀ ವಿಷಯದ ತಿರುಳು. ಸರಾಸರಿ ಪಾಯಿಂಟಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಲೆಕ್ಕಕ್ಕಾಗಿ ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ಎರಡು ಪಾಯಿಂಟ್ ಹಿಂದಿರುವ ತಂಡಕ್ಕೆ ಉಳಿದಿರುವುದು ಕೊನೆಯ ಒಂದೇ ರೈಡ್. ರೈಡರ್ ಎಚ್ಚರಿಕೆಯಿಂದ ಆಡಿದರೆ ನೂರಕ್ಕೆ 70 ಸಲ ಒಂದು ಪಾಯಿಂಟ್ ತರುತ್ತಾನೆ. ನುಗ್ಗಿ ಆಡಿದರೆ ನೂರಕ್ಕೆ 15 ಸಲ ಮಾತ್ರ ಮೂರು ಪಾಯಿಂಟ್, ಉಳಿದ 85 ಸಲ ಸಿಕ್ಕಿಬೀಳುತ್ತಾನೆ. ಸರಾಸರಿ ತೆಗೆದರೆ ಎಚ್ಚರಿಕೆಯ ಆಟಕ್ಕೆ 0.7, ನುಗ್ಗುವ ಆಟಕ್ಕೆ 0.45. ಎಚ್ಚರಿಕೆಯೇ ಮೇಲು ಎನ್ನಿಸುತ್ತದೆ. ಆದರೆ ಎಚ್ಚರಿಕೆಯಿಂದ ಆಡಿ ಒಂದು ಪಾಯಿಂಟ್ ತಂದವನ ತಂಡ ಒಂದು ಪಾಯಿಂಟಿನಿಂದ ಸೋಲುತ್ತದೆ. ಗೆಲ್ಲುವ ಸಾಧ್ಯತೆ ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ 15. ಹಿಂದಿರುವವರಿಗೆ ಬೇಕಾದದ್ದು ಏರಿಳಿತ. ಫಲಿತಾಂಶ ಎಷ್ಟು ಚದುರಿದರೆ ಅವರಿಗೆ ಅಷ್ಟು ಒಳ್ಳೆಯದು. ಮುಂದಿರುವವರಿಗೆ ಇದರ ತದ್ವಿರುದ್ಧ.

ಹಾಗೆಂದು ಹಿಂದಿದ್ದೇವೆ ಎಂದ ಮಾತ್ರಕ್ಕೆ ನುಗ್ಗಬೇಕಿಲ್ಲ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ವಿರಾಮದ ಹೊತ್ತಿಗೆ ಗುಜರಾತ್ ವಿರುದ್ಧ 9–16ರಿಂದ ಹಿಂದಿತ್ತು. ಏಳು ಪಾಯಿಂಟ್ ಅಂತರ ದೊಡ್ಡದಾಗಿ ಕಂಡರೂ 20 ನಿಮಿಷ ಬಾಕಿ ಇತ್ತು. ಅಷ್ಟು ಸಮಯವಿದ್ದಾಗ ಒಂದೊಂದೇ ಪಾಯಿಂಟ್ ಕೂಡಿಸುವುದೂ ಸಾಕಾಗುತ್ತದೆ. ದ್ವಿತೀಯಾರ್ಧದಲ್ಲಿ ಬುಲ್ಸ್ 29 ಪಾಯಿಂಟ್ ಗಳಿಸಿ ಎದುರಾಳಿಗೆ 17 ಬಿಟ್ಟುಕೊಟ್ಟಿತು. ಪವನ್ ಸೆಹ್ರಾವತ್ ಒಬ್ಬರೇ ಆ ಪಂದ್ಯದಲ್ಲಿ 22 ರೈಡ್ ಪಾಯಿಂಟ್ ತಂದರು. 38–33ರ ಗೆಲುವಿನೊಂದಿಗೆ ಬೆಂಗಳೂರಿಗೆ ಮೊದಲ ಪ್ರಶಸ್ತಿ ಬಂತು.

ಅದೇ ಪವನ್ 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನ್ ಎದುರು ರೈಡಿಗೆ ಹೋದಾಗ ಸ್ಕೋರ್ 28–28. ಉಳಿದದ್ದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಮಾಡು ಇಲ್ಲವೇ ಮಡಿ ರೈಡ್. ಯಾರನ್ನೂ ಮುಟ್ಟುವ ಮೊದಲೇ ಪವನ್ ಕಾಲು ಅಂಕಣದ ಅಂಚಿನ ಪಟ್ಟಿಯಾದ ಲಾಬಿಗೆ ಹೋಯಿತು, ಅವರ ಬೆನ್ನಿಗೆ ನಾಲ್ವರು ಇರಾನಿ ಹಿಡಿತಗಾರರೂ ಅತ್ತ ನುಗ್ಗಿದರು. ಮುಟ್ಟದೆ ಲಾಬಿಗೆ ಕಾಲಿಟ್ಟ ರೈಡರ್ ತಾನಾಗಿಯೇ ಔಟ್. ಹಿಂದೆ ಹೋದ ಹಿಡಿತಗಾರರೂ ಔಟೋ ಅಲ್ಲವೋ ಎಂಬುದರ ಮೇಲೆ ಹಳೆಯ ನಿಯಮ, ಹೊಸ ನಿಯಮ ಎಂದು ವಾದ ಎದ್ದಿತು. ಆಟಗಾರರು ಅಂಕಣದಲ್ಲೇ ಕುಳಿತು ಪ್ರತಿಭಟಿಸಿದರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಎಂದು ತೀರ್ಮಾನವಾಯಿತು. ಆಟ ಮುಂದುವರಿದು ಭಾರತ 33–29ರಿಂದ ಚಿನ್ನ ಗೆದ್ದಿತು. ನಿಯಮದ ವಾದ ಹಾಗಿರಲಿ. ಒಬ್ಬರೂ ಹಿಂದೆ ಹೋಗದಿದ್ದರೆ ಇರಾನಿಗೆ ಒಂದು ಪಾಯಿಂಟ್ ವಿವಾದವಿಲ್ಲದೆ ಸಿಗುತ್ತಿತ್ತು. ಸುಮ್ಮನೆ ನಿಲ್ಲುವುದೇ ಅತ್ಯಂತ ಲಾಭದ ಆಟವಾಗಿದ್ದ ಗಳಿಗೆ ಅದು. ಆದರೆ ಎದುರಿಗಿದ್ದವನು ಗೆರೆ ದಾಟಿದ ಕ್ಷಣದಲ್ಲಿ ನಿಂತಲ್ಲೇ ನಿಲ್ಲುವಂತೆ ಮೈಯನ್ನು ಪಳಗಿಸುವುದು ಎಷ್ಟು ಕಷ್ಟ ಎಂಬುದು ಕಬಡ್ಡಿ ಆಡಿದವರಿಗೇ ಗೊತ್ತು.

ಈ ಲೆಕ್ಕ ಅತಿ ಹೆಚ್ಚು ನಡೆದಿರುವುದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಅಲ್ಲಿ ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ನಾಲ್ಕನೆಯದರಲ್ಲಿ ಬಹುಪಾಲು ಕೋಚ್‌ಗಳು ಅಪಾಯ ಬೇಡವೆಂದು ಚೆಂಡನ್ನು ಒದೆಸಿಬಿಡುತ್ತಿದ್ದರು. ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ 1998ರಿಂದ 2000ದವರೆಗಿನ ಪಂದ್ಯಗಳ ದಾಖಲೆ ಹಿಡಿದು ಲೆಕ್ಕ ಹಾಕಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ಮುಂದೆ ನುಗ್ಗುವುದೇ ಲಾಭವಿದ್ದ ಎಷ್ಟೋ ಕಡೆ ಕೋಚ್‌ಗಳು ಒದೆಸುತ್ತಿದ್ದರು ಎಂಬುದು ಅದರ ಸಾರ. ಕಾರಣ ಊಹಿಸುವುದು ಕಷ್ಟವಲ್ಲ. ನುಗ್ಗಿಸಿ ಸೋತರೆ ಬೈಗುಳ ಕೋಚ್‌ಗೆ, ಒದೆಸಿ ಸೋತರೆ ಆಟಗಾರರಿಗೆ. ನಮ್ಮ ಹಳ್ಳಿ ತಂಡದ ಕೋಚ್‌ಗಳ ಮೇಲೂ ಇದೇ ಒತ್ತಡವಿದೆ, ಅದನ್ನು ಊರಿನವರು ಅರ್ಥಮಾಡಿಕೊಳ್ಳಬೇಕು. ಇದಕ್ಕೆ ವಿರುದ್ಧದ ತಪ್ಪೂ ಅಲ್ಲೇ ಸಿಗುತ್ತದೆ. 2017ರ ಸೂಪರ್ ಬೌಲ್‌ನಲ್ಲಿ 28–3ರಿಂದ ಮುಂದಿದ್ದ ಅಟ್ಲಾಂಟಾ ಕೊನೆಯ ನಿಮಿಷಗಳಲ್ಲೂ ಎಂಟು ಪಾಯಿಂಟ್ ಮುಂದಿತ್ತು. ಚೆಂಡು ಎದುರಾಳಿಯ ಗೋಲಿನ ಹತ್ತಿರವೇ ಇತ್ತು. ಚೆಂಡು ಹಿಡಿದು ಓಡಿ ಸಮಯ ಕಳೆದು ಒದ್ದು ಮೂರು ಪಾಯಿಂಟ್ ಸೇರಿಸಿದ್ದರೆ ಸಾಕಿತ್ತು. ಬದಲಿಗೆ ದೂರಕ್ಕೆ ಎಸೆಯಲು ಹೋಗಿ ಹಿಂದೆ ಹಿಂದೆ ಸರಿದು ಆ ಅವಕಾಶ ಕಳೆದುಕೊಂಡಿತು. ಹೆಚ್ಚುವರಿ ಅವಧಿಯಲ್ಲಿ 34–28ರಿಂದ ಸೋತಿತು.

ಪ್ರಾಣಿಗಳೂ ಹೀಗೆ ಲೆಕ್ಕ ಹಾಕುತ್ತವೆಯೆ? ಥಾಮಸ್ ಕರಾಕೊ ಮತ್ತು ಸಂಗಡಿಗರು 1980ರಲ್ಲಿ ಜಂಕೊ ಎಂಬ ಪುಟ್ಟ ಹಕ್ಕಿಗಳ ಮುಂದೆ ಎರಡು ಆಯ್ಕೆ ಇಟ್ಟರು. ಒಂದು ಕಡೆ ಪ್ರತಿ ಸಲವೂ ಅಷ್ಟೇ ಕಾಳು. ಇನ್ನೊಂದು ಕಡೆ ಒಮ್ಮೆ ಹೆಚ್ಚು, ಒಮ್ಮೆ ಇಲ್ಲವೇ ಇಲ್ಲ, ಸರಾಸರಿ ಮಾತ್ರ ಒಂದೇ. ಹೊಟ್ಟೆಗೆ ಸಾಕಷ್ಟು ಸಿಗುವ ಸ್ಥಿತಿಯಲ್ಲಿದ್ದ ಹಕ್ಕಿಗಳು ಖಾತ್ರಿ ಇರುವ ಕಡೆ ಹೋದವು. ಇದ್ದದ್ದರಲ್ಲಿ ದಿನ ಸಾಗದ ಸ್ಥಿತಿಯಲ್ಲಿದ್ದವು ಏರಿಳಿತದ ಕಡೆ ಹೋದವು. 1990ರ ಇನ್ನೊಂದು ಪ್ರಯೋಗದಲ್ಲಿ ಬರೀ ತಾಪಮಾನ ಬದಲಿಸಿದರೂ ಆಯ್ಕೆ ಬದಲಾಯಿತು. 19 ಡಿಗ್ರಿಯಲ್ಲಿ ಖಾತ್ರಿಯನ್ನು ಬಯಸಿದ ಹಕ್ಕಿಗಳು 1 ಡಿಗ್ರಿ ಚಳಿಯಲ್ಲಿ ಅದೃಷ್ಟ ಪರೀಕ್ಷೆಗೆ ಇಳಿದವು.

ಪಾವಗಡ, ಮಧುಗಿರಿಯ ಬೆದ್ದಲು ಹೊಲಗಳಲ್ಲೂ ಈ ಎರಡು ಬಗೆ ಕಾಣುತ್ತವೆ. ಮುಂಗಾರು ತಡವಾಗಿ ಕಡಲೆಕಾಯಿ ಬಿತ್ತುವ ಹದ ಮೀರಿದಾಗ ರೈತರು ಹುರುಳಿ ಚೆಲ್ಲುತ್ತಾರೆ. ಕಡಲೆಕಾಯಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು ಹಾಕುವುದೂ ಫಲಿತಾಂಶದ ಏರಿಳಿತ ತಗ್ಗಿಸುವ ಉಪಾಯವೇ. ಆದರೆ ಎರಡು ಕೊಳವೆಬಾವಿ ಬರಿದಾದ ಮೇಲೆ ಸಾಲ ಮಾಡಿ ಮೂರನೆಯದನ್ನು ಸಾವಿರ ಅಡಿಗೆ ಇಳಿಸುವವನು ಚಳಿಯಲ್ಲಿ ಸಿಕ್ಕಿಕೊಂಡ ಜಂಕೊ. ನಷ್ಟದಲ್ಲಿರುವ ಮನುಷ್ಯ ಖಾತ್ರಿ ನಷ್ಟವನ್ನು ಒಪ್ಪುವುದಕ್ಕಿಂತ ಜೂಜನ್ನೇ ಆರಿಸುತ್ತಾನೆ ಎಂದು ಡೇನಿಯಲ್ ಕಾನ್‌ಮನ್, ಏಮಾಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದರು. ಕಬಡ್ಡಿಗೂ ಹೊಲಕ್ಕೂ ಇಲ್ಲೊಂದು ದೊಡ್ಡ ಅಂತರವಿದೆ, ಅದನ್ನು ಮರೆಯಬಾರದು. ಪಂದ್ಯದಲ್ಲಿ ಎರಡರಿಂದ ಸೋತರೂ ಐದರಿಂದ ಸೋತರೂ ಸೀಟಿ ಊದಿದ ಮೇಲೆ ಎಲ್ಲ ಮುಗಿಯಿತು. ಕೊಳವೆಬಾವಿಯ ಸೋಲು ಸಾಲದ ಖಾತೆಗೆ ಸೇರಿ ಮುಂದಿನ ವರ್ಷಕ್ಕೂ ಬರುತ್ತದೆ. ಕೊನೆಯ ರೈಡಿನಲ್ಲಿ ಸರಿಯಾದ ಲೆಕ್ಕ ಅಲ್ಲಿ ಮನೆ ಮುಳುಗಿಸುತ್ತದೆ.

ಸೋಲಿನ ಅಂತರಕ್ಕೆ ಬೆಲೆ ಕಟ್ಟಿದರೆ ಆಟವೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪ್ರೊ ಕಬಡ್ಡಿಯೇ ಸಾಕ್ಷಿ. ಅಲ್ಲಿ ಬಹಳ ವರ್ಷ ಗೆದ್ದವರಿಗೆ ಐದು ಪಾಯಿಂಟ್, ಸಮವಾದರೆ ತಲಾ ಮೂರು, ಏಳು ಅಥವಾ ಕಡಿಮೆ ಅಂತರದಲ್ಲಿ ಸೋತವರಿಗೆ ಒಂದು ಎಂದಿತ್ತು. ಆರು ಪಾಯಿಂಟ್ ಹಿಂದಿದ್ದು ಒಂದು ನಿಮಿಷ ಉಳಿದ ತಂಡಕ್ಕೆ ಆ ಒಂದು ಪಾಯಿಂಟನ್ನು ಕಾಪಾಡಿಕೊಳ್ಳುವುದೇ ಜಾಣತನವಾಗಿತ್ತು. ಸೋಲುತ್ತಿರುವವರೂ ಖಾಲಿ ರೈಡ್ ಮಾಡುತ್ತಿದ್ದರು. ಅರ್ಥವಾಗದ ಪ್ರೇಕ್ಷಕರಿಗೆ ಸಿಟ್ಟು ಬರುತ್ತಿತ್ತು. 2025ರ 12ನೇ ಆವೃತ್ತಿಯಲ್ಲಿ ಗೆದ್ದವರಿಗೆ ಎರಡು, ಸೋತವರಿಗೆ ಸೊನ್ನೆ ಎಂದಾಯಿತು. ಸಮವಾದರೆ ತಲಾ ಐದು ರೈಡುಗಳ ಟೈ ಬ್ರೇಕರ್ ಬಂತು. ಹಿಂದಿದ್ದು ಕಾಯುವುದರಲ್ಲಿ ಆ ಒಂದು ಪಾಯಿಂಟಿನ ಲಾಭ ಉಳಿಯಲಿಲ್ಲ.

ಹಳ್ಳಿಯ ಪಂದ್ಯಾವಳಿಗಳು ಬಹುಪಾಲು ನಾಕೌಟ್. ಸೋತವರು ಮನೆಗೆ, ಅಂತರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೂ ಮೂರು ಪಾಯಿಂಟ್ ಹಿಂದಿದ್ದು ಒಂದೂವರೆ ನಿಮಿಷ ಉಳಿದಾಗ ಬಾಕ್ ಲೈನ್ ದಾಟಿ ಬರಿಗೈಲಿ ಮರಳುವ ರೈಡರ್‌ಗಳು ಅಲ್ಲಿ ಕಡಿಮೆ ಇಲ್ಲ. ಸಿಕ್ಕಿಬಿದ್ದರೆ ತನ್ನಿಂದಲೇ ಸೋತೆವು ಎನ್ನುತ್ತಾರೆಂಬ ಭಯ ಅವರದು. ತಂಡದ ಬೆಂಚಿನಲ್ಲಿ ಕುಳಿತ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು, ಕೊನೆಯ ಐದು ನಿಮಿಷದಲ್ಲಿ ಪ್ರತಿ ರೈಡರ್ ಎಷ್ಟು ಸಲ ಹೋದ, ಎಷ್ಟು ಸೆಕೆಂಡ್ ತೆಗೆದುಕೊಂಡ, ಆಗ ಎದುರಿಗೆ ಎಷ್ಟು ಜನರಿದ್ದರು, ಏನು ತಂದ ಎಂದು ಬರೆಸಿದರೆ ಒಂದು ಹಂಗಾಮಿನಲ್ಲೇ ತಂಡಕ್ಕೆ ತನ್ನದೇ ಅಂಕಿ ಅಂಶ ಸಿಗುತ್ತದೆ. ನುಗ್ಗು ಎಂದು ಹೇಳುವ ಕೋಚ್‌ಗೂ ಸಿಕ್ಕಿಬಿದ್ದು ಹೊರಬರುವ ರೈಡರ್‌ಗೂ ಆಮೇಲೆ ಊರಿನವರಿಗೆ ಉತ್ತರ ಹೇಳಲು ಆ ಪುಟಗಳೇ ಆಧಾರವಾಗುತ್ತವೆ.